ಶಿಲ್ಕಿನ ಹಿಂದಿನ ಪುಟಗಳು: ಬ್ಯಾಂಕಿನ ಹಳೆಯ ದಾಖಲೆಗಳು ಮತ್ತು ಸಂಶೋಧಕರು

(ಬೆಂಗಳೂರಿನ ಬಸವನಗುಡಿಯಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಮಾನ್ಯರೆ,

ಮೆಜೆಸ್ಟಿಕ್ಕಿನಿಂದ ಕಾರ್ಪೊರೇಷನ್ ಕಡೆಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರು ಇಂದಿಗೂ ‘ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್’ ಎಂದು ಕೂಗುತ್ತಾರೆ, ಇಳಿಯುವವರು ಇಳಿಯುತ್ತಾರೆ. ಆ ಹೆಸರಿನ ಬ್ಯಾಂಕು ಮಾತ್ರ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರ ಅದೇ ದಿನ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸೇರಿದವು. ಮೂರು ವರ್ಷಗಳ ಅವಧಿಯಲ್ಲಿ, ಈ ನೆಲದಲ್ಲಿ ಹುಟ್ಟಿದ ನಾಲ್ಕು ದೊಡ್ಡ ಬ್ಯಾಂಕುಗಳ ಹೆಸರು ಫಲಕಗಳಿಂದ ಇಳಿಯಿತು. ಠೇವಣಿ, ಸಾಲ, ಕಟ್ಟಡ, ಸಿಬ್ಬಂದಿ ಏನಾಯಿತೆಂಬುದನ್ನು ಪತ್ರಿಕೆಗಳು ವಿವರವಾಗಿ ಬರೆದವು. ಆ ಬ್ಯಾಂಕುಗಳು ಬರೆದಿಟ್ಟಿದ್ದ ಪುಸ್ತಕಗಳು ಏನಾದವೆಂದು ಕೇಳಿದವರು ತೀರ ಕಡಿಮೆ. ಇಂದಿನ ಮಾತು ಆ ಪುಸ್ತಕಗಳ ಕುರಿತದ್ದು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ, ಆಮೇಲೆ ಅಧಿಕಾರಿಯಾಗಿ ದುಡಿದವನು. ನಿವೃತ್ತಿಯ ನಂತರ ಆರ್ಥಿಕ ಇತಿಹಾಸದ ವಿದ್ಯಾರ್ಥಿಯಾದವನು. ಆದ್ದರಿಂದ ಕೌಂಟರಿನ ಎರಡೂ ಕಡೆಯ ಮಾತನ್ನು ಆಡಬೇಕಾಗಿದೆ.

ಮೊದಲಿಗೆ, ದೊಡ್ಡ ಕಾಗದಗಳ ವಿಷಯ. ಆಡಳಿತ ಮಂಡಳಿಯ ನಡಾವಳಿ ಪುಸ್ತಕ, ವಾರ್ಷಿಕ ವರದಿ, ಷೇರುದಾರರ ಪಟ್ಟಿ, ಸರ್ಕಾರದೊಂದಿಗಿನ ಪತ್ರವ್ಯವಹಾರ ಇವು ಸಾಮಾನ್ಯವಾಗಿ ಉಳಿಯುತ್ತವೆ, ಏಕೆಂದರೆ ಬ್ಯಾಂಕಿಗೇ ಅವುಗಳ ಮೇಲೆ ಅಭಿಮಾನವಿರುತ್ತದೆ. ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಅವು ಬೇಕಾಗುತ್ತವೆ. ಇವುಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಮೈಸೂರು ಬ್ಯಾಂಕಿನ ಉದಾಹರಣೆಯನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಸ್ಥಾಪಿತವಾದ ಆ ಬ್ಯಾಂಕು ವ್ಯವಹಾರ ಆರಂಭಿಸಿದ್ದು 1913ರ ಅಕ್ಟೋಬರ್ 2ರಂದು. ಅದರ ಹಿಂದಿನ ತಿಂಗಳಷ್ಟೇ ಲಾಹೋರಿನ ಪೀಪಲ್ಸ್ ಬ್ಯಾಂಕು ಬಾಗಿಲು ಹಾಕಿತ್ತು. ಮುಂದಿನ ತಿಂಗಳು ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕು ಮುಳುಗಿತು. ದೇಶಿ ಬ್ಯಾಂಕುಗಳ ಮೇಲಿನ ನಂಬಿಕೆಯೇ ಕುಸಿದಿದ್ದ ಆ ಶರತ್ಕಾಲದಲ್ಲಿ ಒಂದು ಹೊಸ ಬ್ಯಾಂಕು ತನ್ನ ಮೊದಲ ಠೇವಣಿದಾರರಿಗೆ ಏನೆಂದು ಭರವಸೆ ಕೊಟ್ಟಿತು, ಸಂಸ್ಥಾನದ ಸರ್ಕಾರ ಹಿಂದಿದೆ ಎಂಬ ಮಾತು ಎಷ್ಟರಮಟ್ಟಿಗೆ ಕೆಲಸ ಮಾಡಿತು, ನಗದನ್ನು ಎಷ್ಟು ಕೈಯಲ್ಲಿಟ್ಟುಕೊಂಡು ಕುಳಿತಿತು ಎಂಬ ಪ್ರಶ್ನೆಗಳಿಗೆ ಆ ತಿಂಗಳುಗಳ ನಡಾವಳಿಯೂ ದಿನಚರಿಯ ನಗದು ಪುಸ್ತಕವೂ ಕೊಡುವ ಉತ್ತರವನ್ನು ಬೇರಾವ ಮೂಲವೂ ಕೊಡಲಾರದು. ಅದೇ ಪ್ರಶ್ನೆಯ ಇನ್ನೊಂದು ಮಗ್ಗುಲು, ಅಂದರೆ ಸರ್ಕಾರದ ಮಗ್ಗುಲು, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದ ಮೈಸೂರು ಸಂಸ್ಥಾನದ ಕಡತಗಳಲ್ಲಿ ಸಿಗುತ್ತದೆ. ಎರಡನ್ನೂ ಎದುರುಬದುರಾಗಿ ಇಟ್ಟುಕೊಂಡು ಓದಬೇಕು.

‘ಕಡತ’ ಎಂದೆನಲ್ಲ, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಂದು ನಾವು ಕಚೇರಿಯ ಫೈಲಿಗೆ ಹೇಳುವ ಈ ಶಬ್ದ ಮೊದಲಿಗೆ ಬಟ್ಟೆಯ ಪುಸ್ತಕದ ಹೆಸರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾದ ಪುಸ್ತಕ ಅದು; ಆದರೂ ಶೃಂಗೇರಿ ಮಠದ ಕಡತಗಳು ಉಳಿದುಬಂದು, ಮಲೆನಾಡಿನ ಸಾಮಾಜಿಕ ಇತಿಹಾಸ ಬರೆಯುವವರಿಗೆ ಆಧಾರವಾಗಿವೆ. ಅಳಿಸಲು ಬರುವ ಬಟ್ಟೆ ಉಳಿಯಿತು, ಅಳಿಸಲಾಗದ ಶಾಯಿಯಲ್ಲಿ ಬರೆದ ನಮ್ಮ ಲೆಡ್ಜರುಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು.

ಹೋದವು ಎಂದು ದೂರದಿಂದ ಹೇಳುವ ಹಕ್ಕು ನನಗಿಲ್ಲ. 1990ರ ದಶಕದಲ್ಲಿ ನಾನಿದ್ದ ಶಾಖೆಗೆ ಕಂಪ್ಯೂಟರು ಬಂತು. ಪ್ರತಿ ಖಾತೆಯ ಆಖೈರು ಶಿಲ್ಕನ್ನು, ಅಂದರೆ ಕೊನೆಗೆ ಉಳಿದ ಮೊತ್ತವನ್ನು, ಲೆಡ್ಜರಿನಿಂದ ತೆಗೆದು ಯಂತ್ರಕ್ಕೆ ಆರಂಭ ಶಿಲ್ಕಾಗಿ ಊಡಿಸಿದೆವು. ಮೂರು ಭಾನುವಾರ ಕುಳಿತು ತಾಳೆ ನೋಡಿದೆವು. ಒಂದು ಪೈಸೆಯೂ ವ್ಯತ್ಯಾಸ ಬರಲಿಲ್ಲವೆಂದು ಸಿಹಿ ಹಂಚಿದೆವು. ಆ ಶಿಲ್ಕಿಗೆ ಬಂದು ಸೇರಿದ ನಲವತ್ತು ವರ್ಷಗಳ ಜಮಾ ಖರ್ಚು ಯಂತ್ರಕ್ಕೆ ಬೇಕಿರಲಿಲ್ಲ. ಆಮೇಲೆ ನಾಶಪಡಿಸಬೇಕಾದ ದಾಖಲೆಗಳ ಪಟ್ಟಿ ತಯಾರಾಯಿತು, ಅದರ ಕೆಳಗೆ ಸಹಿ ಹಾಕಿದ ಇಬ್ಬರಲ್ಲಿ ನಾನೊಬ್ಬ. ರಟ್ಟು ಬೇರೆ, ಹಾಳೆ ಬೇರೆ ಎಂದು ವಿಂಗಡಿಸಿ ಕೊಟ್ಟರೆ ಕಿಲೋಗೆ ಒಂದಿಷ್ಟು ಹೆಚ್ಚು ಸಿಗುತ್ತದೆಂದು ಅಟೆಂಡರ್ ಹೇಳಿದ್ದು ನೆನಪಿದೆ, ವಿಂಗಡಿಸಿಯೇ ಕೊಟ್ಟೆವು. ನಿಯಮ ಮೀರಿದ ಕೆಲಸವೇನೂ ಅದಾಗಿರಲಿಲ್ಲ.

ನಿಯಮವೇನೆಂಬುದನ್ನು ಸಂಶೋಧಕರು ತಿಳಿದಿರಬೇಕು. ಬ್ಯಾಂಕಿಂಗ್ ಕಂಪನಿಗಳ ದಾಖಲೆ ಸಂರಕ್ಷಣಾ ಅವಧಿಯ 1985ರ ನಿಯಮಗಳ ಪ್ರಕಾರ ಕೆಲವು ಬಗೆಯ ಪುಸ್ತಕಗಳನ್ನು 5 ವರ್ಷ, ಇನ್ನು ಕೆಲವನ್ನು 8 ವರ್ಷ ಕಾಪಾಡಬೇಕು. ಇದು ಕನಿಷ್ಠ ಅವಧಿ. ಆದರೆ ‘ಎಂಟು ವರ್ಷವಾದರೂ ಇಟ್ಟಿರಿ’ ಎಂಬ ಮಾತು ಸುತ್ತೋಲೆಗಳ ಮೆಟ್ಟಿಲಿಳಿದು ಶಾಖೆಗೆ ಬರುವಷ್ಟರಲ್ಲಿ ‘ಎಂಟು ವರ್ಷವಾಯಿತಲ್ಲ, ತೆಗೆದುಹಾಕಿ’ ಎಂದಾಗಿರುತ್ತದೆ. ಬಾಡಿಗೆ ಕಟ್ಟಡದಲ್ಲಿ, ಸ್ಟ್ರಾಂಗ್ ರೂಮಿನ ಪಕ್ಕದ ಕತ್ತಲೆ ಕೋಣೆಯಲ್ಲಿ ಜಿರಲೆ ಗೆದ್ದಲುಗಳ ನಡುವೆ ಕೆಲಸ ಮಾಡುವ ಮ್ಯಾನೇಜರನಿಗೆ ಹಾಗೆ ಕೇಳಿಸುವುದು ಸಹಜ. ಇನ್ನೊಂದು ಕಾನೂನಿದೆ, 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ. ಕೇಂದ್ರ ಸರ್ಕಾರದ ನಿಯಂತ್ರಣದಲ್ಲಿರುವ ನಿಗಮಗಳಿಗೂ ಅನ್ವಯಿಸುವ ಈ ಕಾಯ್ದೆ, ದಾಖಲೆಗಳಿಗಾಗಿ ಒಬ್ಬ ಅಧಿಕಾರಿ ಇರಬೇಕೆಂದೂ, 1892ಕ್ಕಿಂತ ಹಿಂದಿನ ದಾಖಲೆಯನ್ನು ಅದು ಬಳಕೆಗೇ ಬಾರದಷ್ಟು ಜೀರ್ಣವಾಗಿರದ ಹೊರತು ನಾಶಪಡಿಸಬಾರದೆಂದೂ ಹೇಳುತ್ತದೆ. ಈಗ ನಮ್ಮ ಬ್ಯಾಂಕುಗಳ ಹುಟ್ಟಿದ ವರ್ಷಗಳನ್ನು ಎಣಿಸಿ ನೋಡಿ. ಉಡುಪಿಯ ಕಾರ್ಪೊರೇಷನ್ ಬ್ಯಾಂಕು ಮತ್ತು ಮಂಗಳೂರಿನ ಕೆನರಾ ಬ್ಯಾಂಕು 1906, ಮೈಸೂರು ಬ್ಯಾಂಕು 1913, ಕರ್ಣಾಟಕ ಬ್ಯಾಂಕು 1924, ಸಿಂಡಿಕೇಟ್ 1925, ವಿಜಯಾ 1931. 1892ರ ಗೆರೆಯ ಆಚೆ ಇವುಗಳಲ್ಲಿ ಒಂದೂ ಇಲ್ಲ. ಆ ರಕ್ಷಣೆ ಸಲ್ಲುವುದೇನಿದ್ದರೂ ಬ್ಯಾಂಕ್ ಆಫ್ ಮದ್ರಾಸಿನಂಥ, ಬ್ರಿಟಿಷರ ಕಾಲದ ಹಳೆಯ ಪ್ರೆಸಿಡೆನ್ಸಿ ಬ್ಯಾಂಕುಗಳ ಕಾಗದಗಳಿಗೆ.

ಹಾಗಾದರೆ ಈ ಸಣ್ಣ ಕಾಗದಗಳಲ್ಲಿ ಅಂಥದ್ದೇನಿರುತ್ತದೆ? ನಿವೃತ್ತಿಯ ನಂತರ ಹಳೆಯ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದ ಶಾಖೆಯಲ್ಲಿ, ಪರಿಚಿತ ಮ್ಯಾನೇಜರೊಬ್ಬರ ದಾಕ್ಷಿಣ್ಯದಿಂದ, ನಾನು ಎರಡು ದಿನ ಕುಳಿತು ಓದಿದ ಒಂದು ಒಡವೆ ಸಾಲದ ರಿಜಿಸ್ಟರನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇನೆ. 1950ರ ದಶಕದ ನಡುವಿನದು. ಮೊಣಕೈಯುದ್ದದ ಪುಸ್ತಕ, ಬೆನ್ನಿಗೆ ಕೆಂಪು ಚರ್ಮ, ಮೂಲೆಗಳನ್ನು ಬೆಳ್ಳಿಮೀನು ತಿಂದಿದೆ. ಪ್ರತಿ ಸಾಲಿನಲ್ಲಿ ದಿನಾಂಕ, ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಒಡವೆಯ ವಿವರ, ಒಟ್ಟು ತೂಕ, ಅರಗು ಹರಳು ಕಳೆದ ನಿವ್ವಳ ತೂಕ, ಅಂದಾಜು ಬೆಲೆ, ಸಾಲದ ಮೊತ್ತ, ಬಿಡಿಸಿಕೊಂಡ ದಿನ ಇವಿಷ್ಟು. ರಿಜಿಸ್ಟರಿನ ಭಾಷೆ ಇಂಗ್ಲಿಷು. ಮೊದಲ ಹತ್ತಿಪ್ಪತ್ತು ಪುಟಗಳಲ್ಲಿ ಗುಮಾಸ್ತರು ಶ್ರದ್ಧೆಯಿಂದ ಅನುವಾದ ಮಾಡಿ, ಕಿವಿಯ ಆಭರಣ, ಕತ್ತಿನ ಆಭರಣ ಎಂದು ಬರೆದಿದ್ದಾರೆ. ಆಮೇಲೆ ಅನುವಾದ ಸೋಲುತ್ತದೆ, ಏಕೆಂದರೆ ಬಿಡಿಸಿಕೊಳ್ಳಲು ಬಂದಾಗ ಯಾವ ಕಿವಿಯ ಆಭರಣ ಎಂಬ ತಕರಾರು ಬಂದಿರಬೇಕು. ಅಲ್ಲಿಂದಾಚೆಗೆ ಇಂಗ್ಲಿಷ್ ಅಕ್ಷರಗಳಲ್ಲೇ ಬುಗುಡಿ, ಓಲೆ, ಅಡ್ಡಿಕೆ, ಕಾಸಿನ ಸರ, ವಂಕಿ, ನಾಗಮುರಿಗೆ, ಜಡೆಬಿಲ್ಲೆ ಎಂದು ಒಂದೊಂದೂ ತನ್ನ ಹೆಸರಿನಿಂದಲೇ ಬರುತ್ತದೆ. ಒಂದು ತಾಲ್ಲೂಕಿನ ಹೆಂಗಸರ ಮೈಮೇಲೆ ಯಾವ ಒಡವೆ ಎಷ್ಟು ತೂಕದಲ್ಲಿತ್ತು, ಯಾವುದು ಮೊದಲು ಕಳಚಿ ಬರುತ್ತಿತ್ತು, ಯಾವುದು ಕಟ್ಟಕಡೆಗೆ ಬರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಕಂಡಿಲ್ಲ. ಸಾಲಗಾರನ ಅಂಕಣದಲ್ಲಿ ಬಹುಪಾಲು ಗಂಡಸರ ಹೆಸರು; ಒಡವೆಯ ಅಂಕಣದಲ್ಲಿ ಬಹುಪಾಲು ಹೆಂಗಸರ ಒಡವೆ. ಈ ಎರಡು ಅಂಕಣಗಳ ನಡುವೆ ಮನೆಯೊಳಗೆ ನಡೆದ ಮಾತುಕತೆಗೆ ರಿಜಿಸ್ಟರಿನಲ್ಲಿ ಅಂಕಣವಿಲ್ಲ.

ದಿನಾಂಕಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಇನ್ನೊಂದು ಕಥೆ. ಮೃಗಶಿರ, ಆರಿದ್ರಾ ಮಳೆಯ ಹೊತ್ತಿಗೆ, ಬಿತ್ತನೆಯ ಖರ್ಚಿಗೆ, ಪುಟದ ಮೇಲೆ ಪುಟ ಒಡವೆ ಒಳಗೆ ಬರುತ್ತದೆ. ಕೊಯ್ಲು ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲೆ ಹೊರಗೆ ಹೋಗುತ್ತದೆ. ಮದುವೆಯ ತಿಂಗಳುಗಳ ಮುಂಚೆ ಬಿಡಿಸಿಕೊಂಡವರ ಪೈಕಿ ಕೆಲವರು ಅದೇ ಒಡವೆಯನ್ನು ತಿಂಗಳೊಪ್ಪತ್ತಿನಲ್ಲಿ ಮತ್ತೆ ತಂದಿಟ್ಟಿದ್ದಾರೆ. ಬಿಡಿಸಿಕೊಂಡ ದಿನದ ಅಂಕಣ ಖಾಲಿ ಉಳಿದು, ಪಕ್ಕದಲ್ಲಿ ಹರಾಜು ಎಂಬ ಷರಾ ಬಿದ್ದ ಸಾಲುಗಳು ಹೆಚ್ಚಿರುವ ವರ್ಷವನ್ನು ಆ ಜಿಲ್ಲೆಯ ಮಳೆಯ ಅಂಕಿ ಅಂಶದೊಂದಿಗೆ ಹೋಲಿಸುವುದು ಒಂದು ಪಿಎಚ್.ಡಿ.ಗೆ ಸಾಲುವಷ್ಟು ಕೆಲಸ. ಓದು ಬಾರದವರ ಸಾಲುಗಳಲ್ಲಿ ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಚಹರೆಯ ವಿವರ: ಎಡಹುಬ್ಬಿನ ಮೇಲೆ ಗಾಯದ ಕಲೆ, ಬಲಗೆನ್ನೆಯಲ್ಲಿ ಮಚ್ಚೆ. ಫೋಟೋ ತೆಗೆಸುವ ಶಕ್ತಿಯೇ ಇಲ್ಲದಿದ್ದ ಜನರ ಮುಖ ಅಲ್ಲಿ ಅರ್ಧ ಸಾಲಿನಷ್ಟು ಉಳಿದಿದೆ.

ಗುರುತು ಹಿಡಿಯಲಿಕ್ಕಾಗಿ ಬ್ಯಾಂಕು ಬರೆದುಕೊಂಡದ್ದು ಮುಂದೆ ಇತಿಹಾಸವಾಗುವುದಕ್ಕೆ ಅಮೆರಿಕದ ಫ್ರೀಡ್‌ಮನ್ಸ್ ಬ್ಯಾಂಕು ಬಹಳ ದೊಡ್ಡ ಉದಾಹರಣೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಉಳಿತಾಯಕ್ಕಾಗಿ 1865ರಲ್ಲಿ ಸ್ಥಾಪನೆಯಾದ ಆ ಬ್ಯಾಂಕು 1874ರಲ್ಲಿ ಕುಸಿದು, ಬಡವರ ದುಡ್ಡನ್ನು ನುಂಗಿತು. ಬ್ಯಾಂಕಾಗಿ ಅದು ದುರಂತ. ಆದರೆ ಸಹಿ ಹಾಕಲು ಬಾರದ ಖಾತೆದಾರರನ್ನು ಮತ್ತೆ ಗುರುತಿಸಲೆಂದು ಅವರ ಹುಟ್ಟೂರು, ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಕೆಲವೆಡೆ ಹಿಂದಿನ ಯಜಮಾನನ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆದುಕೊಳ್ಳಲಾಗಿತ್ತು. ಮಾರಾಟವಾಗಿ ಚದುರಿಹೋದ ಕುಟುಂಬಗಳ ವಂಶಜರು ಇಂದು ತಮ್ಮ ಪೂರ್ವಜರನ್ನು ಹುಡುಕುವುದು ಆ ಪುಟಗಳಲ್ಲಿ. ಇಟಲಿಯ ನೇಪಲ್ಸಿನದು ಬೇರೆ ಬಗೆ. ಅಲ್ಲಿನ ಹಳೆಯ ಬ್ಯಾಂಕುಗಳು ಹಣ ಯಾರಿಗೆ ಎಂಬುದರ ಜೊತೆಗೆ ಯಾತಕ್ಕೆ ಎಂಬುದನ್ನೂ ವಿವರವಾಗಿ ದಾಖಲಿಸುತ್ತಿದ್ದವು. 1606ರ ಅಕ್ಟೋಬರಿನಲ್ಲಿ ವರ್ತಕನೊಬ್ಬ ಚಿತ್ರಕಾರ ಕರವಾಜ್ಜೊಗೆ 200 ಡ್ಯುಕಾಟ್ ಪಾವತಿ ಮಾಡಿಸಿದಾಗ, ಚಿತ್ರದಲ್ಲಿ ಯಾರು ಯಾರು ಇರಬೇಕೆಂಬುದೂ ಬ್ಯಾಂಕಿನ ದಾಖಲೆಗೆ ಸೇರಿತು. ಚಿತ್ರ ಕಳೆದುಹೋಗಿದೆ; ಹೀಗೊಂದು ಚಿತ್ರಕ್ಕೆ ಹಣ ಸಂದಿತ್ತೆಂದು ಬ್ಯಾಂಕಿನ ಪುಸ್ತಕ ಹೇಳುತ್ತದೆ.

ನಮ್ಮಲ್ಲಿಯೂ ಅಂಥ ಸಾಧ್ಯತೆಯ ಒಂದು ದಾಖಲೆಯಿದೆ, ಪಿಗ್ಮಿ ಪುಸ್ತಕ. ಉಡುಪಿಯ ಕೈಮಗ್ಗದ ನೇಕಾರರ ಕಷ್ಟವನ್ನು ಕಂಡು ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪದ್ಧತಿ ತಂದಿತು. ಪಿಗ್ಮಿ ಏಜೆಂಟನ ಪುಸ್ತಕ ಬ್ಯಾಂಕಿಗೆ ಠೇವಣಿಯ ಲೆಕ್ಕ. ನಮಗೆ ಅದು ಒಂದು ಬೀದಿಯ ನಕ್ಷೆ. ಆತ ಯಾವ ಅಂಗಡಿಯಿಂದ ಹೊರಟು ಯಾವ ಮನೆಗೆ ಹೋದ, ಯಾವ ದಿನ ಯಾರು ‘ನಾಳೆ ಬಾ’ ಎಂದರು, ಹಬ್ಬದ ವಾರ ಎಷ್ಟು ಜನ ತಪ್ಪಿಸಿದರು, ಮಳೆಗಾಲದಲ್ಲಿ ಮೀನು ಮಾರುವವರ ಸಾಲು ಎಷ್ಟು ದಿನ ಖಾಲಿ ಉಳಿಯಿತು ಎಂಬುದೆಲ್ಲ ಅದರಿಂದ ತೆಗೆಯಬಹುದು. ಎರಡಾಣೆ ಕಟ್ಟುವವರ ನಿತ್ಯದ ಆದಾಯದ ಏರಿಳಿತ ಯಾವ ಸರ್ಕಾರಿ ಸಮೀಕ್ಷೆಯಲ್ಲೂ ದಿನದ ಲೆಕ್ಕದಲ್ಲಿ ಸಿಗದು. ಕೆಲಸ ಮುಗಿದ ಮೇಲೆ ಮೊದಲು ರದ್ದಿಗೆ ಬೀಳುವುದು ಮಾತ್ರ ಇಂಥ ಪುಸ್ತಕಗಳೇ.

ಆದರೆ ಈ ದಾಖಲೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ಯಾಂಕಿನ ಪುಸ್ತಕದಲ್ಲಿರುವುದು ಬ್ಯಾಂಕಿನ ಬಾಗಿಲಿಗೆ ಬಂದವರು, ಬಂದವರಲ್ಲಿ ಒಳಗೆ ಕರೆಸಿಕೊಂಡವರು. ಅಡವಿಡಲು ಒಡವೆಯಿಲ್ಲದ ಕೂಲಿಯವನು, ಊರಿನ ಸಾಹುಕಾರನ ಬಳಿಯೇ ನಿಂತುಹೋದ ಗೇಣಿದಾರ, ಮೆಟ್ಟಿಲು ಹತ್ತಲು ಹಿಂಜರಿದ ದಲಿತ ಇವರ ಸಾಲ ಬೇರೆಲ್ಲೋ ಬರೆದಿದೆ, ಅಥವಾ ಎಲ್ಲೂ ಬರೆದಿಲ್ಲ. ವ್ಯಾಪಾರಿಗಳ ಯೋಗ್ಯತೆಯ ಬಗ್ಗೆ ಮ್ಯಾನೇಜರುಗಳು ಪ್ರಧಾನ ಕಚೇರಿಗೆ ಬರೆಯುತ್ತಿದ್ದ ಗೋಪ್ಯ ವರದಿಗಳನ್ನು ಓದುವಾಗ ಆ ವ್ಯಾಪಾರಿಯಷ್ಟೇ ಆ ಮ್ಯಾನೇಜರನೂ ಅಲ್ಲಿ ಬಯಲಾಗುತ್ತಾನೆ; ಜಾತಿ, ಊರು, ಮನೆತನ ನೋಡಿ ಬರೆದ ಮಾತು ಯಾವುದು, ದಾಸ್ತಾನು ನೋಡಿ ಬರೆದದ್ದು ಯಾವುದೆಂದು ಬಿಡಿಸಿಕೊಳ್ಳಬೇಕು. ಈ ಕೊರತೆಯನ್ನು ಸ್ವಲ್ಪ ತುಂಬಿಕೊಡುವುದು ಸಹಕಾರ ಸಂಘಗಳ ಪುಸ್ತಕಗಳು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಆರಂಭಿಸಿದ ಸಂಘದಿಂದ ಮೊದಲುಗೊಂಡು, ಹಳ್ಳಿಯ ಸಂಘಗಳು ಲೆಕ್ಕ ಬರೆದದ್ದು ಹೆಚ್ಚಾಗಿ ಕನ್ನಡದಲ್ಲಿ.

ಅಂಕಿಗಳ ವಿಷಯದಲ್ಲೂ ಎಡವುವ ಜಾಗಗಳಿವೆ. 1957ರ ಏಪ್ರಿಲ್ 1ರವರೆಗೆ ರೂಪಾಯಿ, ಆಣೆ, ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಲ್ಲಿಂದ ನಯಾಪೈಸೆ. ಒಂದಾಣೆಗೆ ಆರೂಕಾಲು ನಯಾಪೈಸೆಯಾದ್ದರಿಂದ ಖಾತೆಗಳನ್ನು ಬದಲಿಸುವಾಗ ಪ್ರತಿ ಸಾಲಿನಲ್ಲೂ ಚಿಲ್ಲರೆ ಹೊಂದಿಸಿದ್ದಾರೆ. ಈ ವ್ಯತ್ಯಾಸವನ್ನು ಗುಮಾಸ್ತನ ತಪ್ಪೆಂದು ತಿಳಿದ ಒಂದು ಪ್ರಬಂಧವನ್ನು ನಾನೇ ತಿದ್ದಿದ್ದೇನೆ. ಚಿನ್ನದ ತೂಕ ತೊಲದಿಂದ ಗ್ರಾಮಿಗೆ ಬದಲಾದದ್ದು ಇನ್ನೂ ನಂತರ. 1963ರ ಆರಂಭದಲ್ಲಿ ಚಿನ್ನದ ನಿಯಂತ್ರಣ ಜಾರಿಗೆ ಬಂದು, 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲವೆಂದಾಯಿತು. ಅಕ್ಕಸಾಲಿಗರ ಬದುಕಿಗೆ ಬಿದ್ದ ಆ ಪೆಟ್ಟಿನ ಹಿನ್ನೆಲೆ ತಿಳಿಯದೆ 1963ರ ನಂತರದ ಒಡವೆ ಸಾಲದ ಅಂಕಿಗಳನ್ನು ಹಿಂದಿನವುಗಳೊಂದಿಗೆ ಹೋಲಿಸಲು ಹೋಗಬಾರದು.

ದಾಖಲೆಗಳು ಎಲ್ಲಿ ಸಿಗುತ್ತವೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ರಿಸರ್ವ್ ಬ್ಯಾಂಕು 1981ರಲ್ಲಿ ಪುಣೆಯಲ್ಲಿ ತನ್ನ ಪತ್ರಾಗಾರವನ್ನು ಸ್ಥಾಪಿಸಿತು. ಸ್ಟೇಟ್ ಬ್ಯಾಂಕಿನ ಪತ್ರಾಗಾರ ಮತ್ತು ವಸ್ತುಸಂಗ್ರಹಾಲಯ ಕೋಲ್ಕತ್ತದಲ್ಲಿದೆ. 1806ರ ಬ್ಯಾಂಕ್ ಆಫ್ ಕಲ್ಕತ್ತಾದಿಂದ ಬೆಳೆದುಬಂದ ಅದರ ಇತಿಹಾಸವನ್ನು ಅಮಿಯ ಕುಮಾರ್ ಬಾಗ್ಚಿಯವರು ಸಂಪುಟಗಳಲ್ಲಿ ಬರೆಯಲು ಸಾಧ್ಯವಾದದ್ದು ಹಳೆಯ ದಾಖಲೆಗಳು ಉಳಿದಿದ್ದರಿಂದ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ನಾಣ್ಯಗಳ ಸಂಗ್ರಹಾಲಯವಾಯಿತು. ನಾಣ್ಯ ನೋಡಲು ಜನ ಬರುತ್ತಾರೆ, ಲೆಡ್ಜರು ನೋಡಲು ಯಾರು ಬರುತ್ತಾರೆ ಎಂಬ ಭಾವನೆ ನಮ್ಮ ಬ್ಯಾಂಕುಗಳಲ್ಲಿ ಗಟ್ಟಿಯಾಗಿದೆ. ಇದೇ ಬೆಂಗಳೂರಿನಲ್ಲಿ, ಜೀವವಿಜ್ಞಾನದ ಸಂಸ್ಥೆಯಾದ ಎನ್‌ಸಿಬಿಎಸ್ 2019ರಲ್ಲಿ ಸಾರ್ವಜನಿಕರಿಗೆ ತೆರೆದ ಪತ್ರಾಗಾರವನ್ನು ಆರಂಭಿಸಿತು. ವಿಜ್ಞಾನಿಗಳಿಗೆ ಸಾಧ್ಯವಾದದ್ದು ಲೆಕ್ಕ ಇಡುವುದನ್ನೇ ಕಸುಬಾಗಿಸಿಕೊಂಡವರಿಗೆ ಯಾಕೆ ಆಗಬಾರದು?

ಒಂದು ನಿಜವಾದ ಅಡ್ಡಿ ಗೋಪ್ಯತೆಯದು. ರಾಷ್ಟ್ರೀಕರಣದ 1970ರ ಕಾಯ್ದೆಯಲ್ಲೇ ಗ್ರಾಹಕರ ವ್ಯವಹಾರವನ್ನು ಹೊರಗೆಡಹಬಾರದೆಂಬ ಕಟ್ಟಳೆಯಿದೆ, ಇರಲೂಬೇಕು. ಅಜ್ಜ ಮಾಡಿದ ಸಾಲ ಹರಾಜಿಗೆ ಹೋಯಿತೆಂಬುದನ್ನು ಮೊಮ್ಮಗ ಇನ್ನೊಬ್ಬರ ಪ್ರಬಂಧದಲ್ಲಿ ಓದಬೇಕಾಗಿ ಬರಬಾರದು. ಇಂತಿಷ್ಟು ದಶಕ ಮುಚ್ಚಿಟ್ಟು ಆಮೇಲೆ ತೆರೆಯುವುದು, ಹೆಸರಿನ ಬದಲು ಕ್ರಮಸಂಖ್ಯೆ ಬಳಸುವಂತೆ ಸಂಶೋಧಕರಿಂದ ಬರೆಸಿಕೊಳ್ಳುವುದು, ಇವೆರಡೂ ಹೊರದೇಶಗಳ ಪತ್ರಾಗಾರಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ನಮ್ಮಲ್ಲಿ ಗೋಪ್ಯತೆಯ ಹೆಸರಿನಲ್ಲಿ ತೋರಿಸಲು ಒಪ್ಪದ ಪುಸ್ತಕವನ್ನೇ ಮರುವರ್ಷ ರದ್ದಿ ಅಂಗಡಿಗೆ ಹಾಕುವುದುಂಟು. ಅಲ್ಲಿಂದ ಅದರ ಹಾಳೆ ಕಡಲೆಕಾಯಿಯ ಪೊಟ್ಟಣವಾಗಿ ಯಾರ ಕೈಗಾದರೂ ಬರಬಹುದು.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು, ಬ್ಯಾಂಕಿಗೆ ಹೋದರೆ ಮೊದಲು ಯಾವ ಪುಸ್ತಕ ಕೇಳಬೇಕೆಂದರು. ಯಾವ ಪುಸ್ತಕವನ್ನೂ ಕೇಳಬೇಡಿ, ಹಳೆಯ ದಾಖಲೆಗಳ ಪಟ್ಟಿ ಕೇಳಿ ಎಂದೆ. ಪಟ್ಟಿ ಇಲ್ಲವೆಂದರೆ ನಾಶಪಡಿಸಿದ ದಾಖಲೆಗಳ ಪಟ್ಟಿಯನ್ನಾದರೂ ಕೇಳಿ. ಅದನ್ನು ಮಾತ್ರ ಬ್ಯಾಂಕು ಜೋಪಾನವಾಗಿ ಇಟ್ಟಿರುತ್ತದೆ, ಶಾಖೆಯಲ್ಲಿ ಒಂದು ಕಾಲಕ್ಕೆ ಏನೇನಿತ್ತೆಂಬುದು ಅದರಿಂದಲೇ ತಿಳಿಯುತ್ತದೆ. ಆಮೇಲೆ ಶಾಖಾ ತಪಾಸಣೆಯ ವರದಿಗಳನ್ನು ಕೇಳಿ. ಮಾರ್ಗದರ್ಶಕರ ಪತ್ರ ಜೊತೆಗಿರಲಿ, ಟಿಪ್ಪಣಿಗೆ ಪೆನ್ನಿನ ಬದಲು ಸೀಸದ ಕಡ್ಡಿ ಒಯ್ಯಿರಿ, ಮೂಗಿಗೊಂದು ಬಟ್ಟೆಯಿರಲಿ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಆ ಒಡವೆ ಸಾಲದ ರಿಜಿಸ್ಟರು ಈಗ ಎಲ್ಲಿದೆಯೆಂದು ಕೇಳಿದರು. ಶಾಖೆ ಹೊಸ ಕಟ್ಟಡಕ್ಕೆ ಹೋಯಿತು, ನನಗೆ ತೋರಿಸಿದ ಮ್ಯಾನೇಜರಿಗೆ ವರ್ಗವಾಯಿತು. ನಾನು ನೋಡಿದಾಗ ರಿಜಿಸ್ಟರಿನ ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ 47 ಎಂದು ಬರೆದಿತ್ತು. ಆ ಸಂಖ್ಯೆಯನ್ನೇ ಉಲ್ಲೇಖಿಸಿ ಎರಡು ಪತ್ರ ಬರೆದಿದ್ದೇನೆ. ಮೊದಲನೆಯದಕ್ಕೆ, ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ.